ಗೋಂದಿನ ಗುರುತು

ಬ್ಲೇಡು ಎಲ್ಲಿಟ್ಟೆ ಎನ್ನುವುದು ಮಾತ್ರ ಅವಳಿಗೆ ನೆನಪಾಗುತ್ತಿರಲಿಲ್ಲ. ಪೆನ್ಸಿಲು ಚೂಪು ಮಾಡಿದ್ದು ನೆನಪಿದೆ. ಸಿಪ್ಪೆಯನ್ನು ಅಂಗೈಗೆ ಒಟ್ಟುಮಾಡಿ ಕಸದ ಬುಟ್ಟಿಗೆ ಉದುರಿಸಿದ್ದು ನೆನಪಿದೆ. ಆಮೇಲೆ ಕೈ ಒರೆಸಿಕೊಂಡಿದ್ದೂ ನೆನಪಿದೆ. ನಡುವೆ ಬ್ಲೇಡು ಇತ್ತಲ್ಲ, ಅದು ಕೈಯಿಂದ ಎಲ್ಲಿಗೆ ಹೋಯಿತು? ಕಪಾಟಿನ ಮೇಲಿನ ಡಬ್ಬಿಗೋ, ಗಿಡ್ಡ ಮೇಜಿನ ಮೇಲಕ್ಕೋ? ಡಬ್ಬಿಗೆ ಹೋಗಿದ್ದರೆ ಬದುಕಿದಳು. ಮೇಜಿನ ಮೇಲಿದ್ದರೆ ಕಷ್ಟ. ಹನ್ನೊಂದು ತಿಂಗಳ ಮಗಳು ಏನನ್ನಾದರೂ ಹಿಡಿದುಕೊಂಡು ಎದ್ದು ನಿಲ್ಲುವುದನ್ನು ಹೋದ ವಾರವಷ್ಟೇ ಕಲಿತಿದ್ದಾಳೆ, ಅವಳು ಮೊದಲು ಹಿಡಿಯುವುದೇ ಆ ಮೇಜನ್ನು.

ಒಳಗೆ ಹೋಗಿ ನೋಡಿದರೆ ಮುಗಿಯಿತು. ಆದರೆ ಒಳಗೆ ಹೋಗುವ ಹಾಗಿರಲಿಲ್ಲ. ಅವಳು ಬಾಲ್ಕನಿಯಲ್ಲಿದ್ದಳು, ಬಾಲ್ಕನಿಯ ಬಾಗಿಲ ಚಿಲಕ ಒಳಗಡೆಯಿಂದ ಬಿದ್ದಿತ್ತು, ಮಗಳು ಒಳಗೆ ನೆಲದ ಹಾಸಿಗೆಯ ಮೇಲೆ ಮಲಗಿದ್ದಳು. ಮನೆಯಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ.

ಆಗಿದ್ದಿಷ್ಟೆ. ಅವಳು ಪತ್ರಿಕೆಯೊಂದಕ್ಕೆ ವ್ಯಂಗ್ಯಚಿತ್ರ ಬರೆಯುವವಳು. ಐದನೇ ಪುಟದ ಕೆಳಮೂಲೆಯಲ್ಲಿ ಅಂಗೈಯಗಲದ ಜಾಗ ಅವಳದು. ಸುತ್ತಲೂ ಬಾಡಿಗೆಗಿರುವ ಮನೆ, ಮಾರಾಟಕ್ಕಿರುವ ಸ್ಕೂಟರು, ಕಾಣೆಯಾದ ನಾಯಿ. ಇವತ್ತಿನ ಚಿತ್ರಕ್ಕೆ ಎದುರು ಅಂಗಡಿಯ ದರ್ಜಿ ಬೇಕಾಗಿದ್ದ. ಯಂತ್ರ ತುಳಿಯುವಾಗ ಅವನ ಎಡಗಾಲು ಮುಂದಿರುತ್ತದೋ ಬಲಗಾಲೋ ಎಂದು ಅನುಮಾನ ಬಂತು. ಮಗಳನ್ನು ಮಲಗಿಸಿ, ಪುಸ್ತಕ, ಪೆನ್ಸಿಲು, ಫೋನು ಹಿಡಿದು, ಒಂದೇ ನಿಮಿಷ ಎಂದುಕೊಂಡು ಹೊರಬಂದಳು. ಬೀದಿಯಲ್ಲಿ ಲಾರಿಯೊಂದು ಹಾರನ್ನು ಬಾರಿಸಿತು. ಮಗು ಎದ್ದುಬಿಟ್ಟೀತೆಂದು ಬಾಗಿಲನ್ನು ಬೆನ್ನಹಿಂದೆ ಎಳೆದಳು. ಟಕ್ ಎಂದಿತು.

ದರ್ಜಿಯ ಬಲಗಾಲು ಮುಂದಿತ್ತು. ಅದನ್ನು ಬರೆದುಕೊಂಡ ಮೇಲೆಯೇ ಅವಳು ತಿರುಗಿ ಬಾಗಿಲು ತಳ್ಳಿದ್ದು.

ಕಾಲಿನಿಂದ ಶುರು ಮಾಡಿ ಮೇಲಕ್ಕೆ ಹೋಗುವುದು ಅವಳ ಪದ್ಧತಿ. ಮುಖವನ್ನು ಎಲ್ಲರೂ ತಿದ್ದಿಕೊಂಡು ಬೀದಿಗೆ ಬರುತ್ತಾರೆ, ಕಾಲನ್ನು ಯಾರೂ ತಿದ್ದಿಕೊಳ್ಳುವುದಿಲ್ಲ ಎನ್ನುವುದು ಅವಳ ಲೆಕ್ಕ. ನೋಡದೇ ಇದ್ದದ್ದನ್ನು ಬರೆಯಲು ಅವಳಿಗೆ ಬಾರದು. ಮಗು ಹುಟ್ಟುವುದಕ್ಕೆ ಮುಂಚೆ ಇದರಿಂದ ತೊಂದರೆಯೇನೂ ಇರಲಿಲ್ಲ. ದಿನಕ್ಕೆ ನಾಲ್ಕು ಬಸ್ಸು ಹತ್ತಿ ಇಳಿಯುತ್ತಿದ್ದಳು, ಟಿಕೆಟಿನ ಹಿಂದೆಯೇ ಜನರನ್ನು ಬರೆದುಕೊಳ್ಳುತ್ತಿದ್ದಳು. ಒಮ್ಮೆ ದಪ್ಪ ಮನುಷ್ಯನೊಬ್ಬ ಅವಳ ಭುಜವನ್ನೇ ದಿಂಬು ಮಾಡಿಕೊಂಡು ಎಂಟು ಸ್ಟಾಪು ನಿದ್ದೆ ಹೊಡೆದ. ಅಲುಗಾಡದೆ ಅವನನ್ನು ಬರೆದಳು. ಎದ್ದವನು ಚಿತ್ರ ನೋಡಿ, "ನನ್ನ ಮೂಗು ಇಷ್ಟು ದೊಡ್ಡದಾ?" ಎಂದ. "ನಿದ್ದೇಲಿ ಸ್ವಲ್ಪ ಊದಿಕೊಂಡಿತ್ತು," ಎಂದಳು. ಅವನು ಬಿದ್ದು ಬಿದ್ದು ನಕ್ಕು, ಇಳಿಯಬೇಕಾದ ಸ್ಟಾಪನ್ನು ಎರಡನೇ ಸಲ ತಪ್ಪಿಸಿಕೊಂಡ. ವಿದ್ಯುತ್ ಕಚೇರಿಯ ಗುಮಾಸ್ತನನ್ನು ಒಮ್ಮೆ ಟೇಬಲ್ಲಿನಡಿ ಚಪ್ಪಲಿ ಕಳಚಿ ಕೂತ ಮೊಸಳೆಯಾಗಿ ಬರೆದಿದ್ದಳು. ಮುಂದಿನ ತಿಂಗಳು ಹೋದರೆ ಆ ಚಿತ್ರ ಅವನ ಟೇಬಲ್ಲಿನ ಗಾಜಿನ ಕೆಳಗಿತ್ತು. "ನಮ್ಮ ಮನೆಯವಳು ಹೋಲಿಕೆ ಚೆನ್ನಾಗಿದೆ ಅಂದಳು," ಎಂದು ಹೇಳಿ, ಅವಳ ಕೆಲಸವನ್ನು ಸರದಿ ತಪ್ಪಿಸಿ ಮಾಡಿಕೊಟ್ಟ.

ಹೀಗಾಗಿ, ನಗಿಸಿದರೆ ಎಲ್ಲರೂ ನಗುತ್ತಾರೆ ಎಂದೇ ಅವಳು ನಂಬಿದ್ದಳು. ನಗದೆ ಇರುವ ಒಬ್ಬರು ಕೆಳಗಿನ ಮನೆಯಲ್ಲಿದ್ದಾರೆಂದು ಗೊತ್ತಾದದ್ದು ಆಮೇಲೆ.

ಮಗು ಬಂದ ಮೇಲೆ ಊರು ಬಾಲ್ಕನಿಯಷ್ಟಗಲವಾಯಿತು. ಮೂರನೇ ಮಹಡಿ, ಮೂವತ್ತಾರು ಮೆಟ್ಟಿಲು, ಲಿಫ್ಟಿಲ್ಲ. ಕಂಕುಳಲ್ಲಿ ಮಗು, ಹೆಗಲಲ್ಲಿ ಚೀಲ, ಚೀಲದಲ್ಲಿ ಇನ್ನೊಂದು ಜೊತೆ ಬಟ್ಟೆ, ಬಿಸಿನೀರು, ಇಳಿದ ಮೇಲೆ 'ಗ್ಯಾಸ್ ಆಫ್ ಮಾಡಿದೆನಾ' ಎಂದು ಮತ್ತೆ ಮೂವತ್ತಾರು ಮೆಟ್ಟಿಲು ಹತ್ತುವುದು. ಎರಡು ಸಲ ಹಾಗಾದ ಮೇಲೆ ಇಳಿಯುವುದನ್ನೇ ಬಿಟ್ಟಳು. ಕಿಟಕಿಯಿಂದ ಕಾಣುವವರು, ಮೆಟ್ಟಿಲಲ್ಲಿ ಸಿಗುವವರು, ಬಾಗಿಲು ತಟ್ಟುವವರು, ಅವಳ ಚಿತ್ರಕ್ಕೆ ಉಳಿದವರು ಇಷ್ಟೇ. ಮೆಟ್ಟಿಲಲ್ಲಿ ಹೆಚ್ಚಾಗಿ ಸಿಗುತ್ತಿದ್ದವರು ಕಟ್ಟಡದ ಸಂಘದ ಕಾರ್ಯದರ್ಶಿ.

ಅವರು ರೈಲ್ವೆಯಲ್ಲಿ ಮೂವತ್ತು ವರ್ಷ ಗಾರ್ಡಾಗಿದ್ದು ನಿವೃತ್ತರಾದವರು. ಒಂಟಿ. ಎಲ್ಲ ಮನೆಗಳ ಎರಡನೇ ಬೀಗದ ಕೈಗಳೂ ಅವರ ಗೋಡೆಯ ಹಲಗೆಯ ಮೇಲೆ, ಮೊಳೆಗೊಂದರಂತೆ ನೇತಾಡುತ್ತಿದ್ದವು. ಕೈಯಲ್ಲಿ ಸದಾ ಗೋಂದಿನ ಬಾಟಲಿ. ಅವರು ಅಂಟಿಸದ ಜಾಗವಿಲ್ಲ. 'ಈ ಮೆಟ್ಟಿಲು ಉಳಿದವುಗಳಿಗಿಂತ ಎತ್ತರವಿದೆ.' 'ಈ ಸ್ವಿಚ್ಚು ಯಾವುದಕ್ಕೂ ಸಂಬಂಧಿಸಿಲ್ಲ.' ನೋಟೀಸ್ ಬೋರ್ಡಿನ ಮೇಲೆ 'ಇದು ನೋಟೀಸ್ ಬೋರ್ಡು.' ಒಂದು ದಿನ ಗೋಂದು ಹಿಡಿದು ಅವಳ ಮನೆಗೂ ಬಂದು, ಬಾಲ್ಕನಿ ಬಾಗಿಲ ಗಾಜಿಗೆ ಒಂದು ಕಾಗದ ಅಂಟಿಸಿ ಹೋದರು: 'ಈ ಬಾಗಿಲನ್ನು ಹೊರಗಿನಿಂದ ಎಳೆಯಬಾರದು. ಚಿಲಕ ತಾನಾಗಿ ಬೀಳುತ್ತದೆ. — ಕಾರ್ಯದರ್ಶಿ.'

ಅವತ್ತೇ ಅವಳಿಗೆ ಚಿತ್ರ ಹೊಳೆದದ್ದು. ಒಬ್ಬ ಮುದುಕ, ಬೆರಳುಗಳೆಲ್ಲ ಗೋಂದು. ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿರುವ ಮಗುವಿನ ಹಣೆಗೆ ಕಾಗದ ಅಂಟಿಸುತ್ತಿದ್ದಾನೆ: 'ಇದು ಮಲಗಿದೆ.' ಹೆಸರು, ಗೋಂದು ತಾತ. ಜನಕ್ಕೆ ಹುಚ್ಚು ಹಿಡಿಯಿತು. ಆರು ವಾರ ಗೋಂದು ತಾತನೇ ನಡೆದ. ತನ್ನ ಕನ್ನಡಕಕ್ಕೆ ಅಂಟಿಸಿಕೊಂಡ, ಬೆಕ್ಕಿಗೆ ಅಂಟಿಸಿದ, ಕೊನೆಗೆ ಚಂದ್ರನಿಗೂ ಏಣಿ ಹಾಕಿದ. ಕಟ್ಟಡದ ಮಕ್ಕಳು ಕಾರ್ಯದರ್ಶಿಯ ಬೆನ್ನ ಹಿಂದೆ ಅದೇ ಹೆಸರು ಕೂಗತೊಡಗಿದರು. ಸಂಘದ ಸಭೆಯಲ್ಲಿ ಅವರು ಎದ್ದುನಿಂತು "ನೀರಿನ ಟ್ಯಾಂಕಿನ ವಿಷಯ" ಎಂದರೆ ದೊಡ್ಡವರೂ ಮುಸಿಮುಸಿ ನಕ್ಕರು.

ಮರುದಿನ ಅವರು ಬಕೆಟ್ಟು, ಒದ್ದೆ ಬಟ್ಟೆ ಹಿಡಿದು ಕೆಳಗಿನಿಂದ ಮೇಲಿನವರೆಗೆ ಒಂದೊಂದೇ ಕಾಗದ ಕೀಳುತ್ತಾ ಬಂದರು. ಅವಳ ಬಾಗಿಲನ್ನೂ ತಟ್ಟಿದರು.

"ಒಂದು ನಿಮಿಷ ಅಮ್ಮ. ನಿಮ್ಮ ಮನೆ ಒಳಗೆ ನನ್ನ ಒಂದು ಕಾಗದ ಇದೆ. ತೆಗೆದುಕೊಂಡು ಹೋಗ್ತೀನಿ."

"ಇರಲಿ ಬಿಡಿ ಸಾರ್."

"ಬೇಡ. ನಿಮ್ಮ ಗಾಜು ಹಾಳಾಗುತ್ತೆ."

ಉಗುರಿನಲ್ಲಿ ಕೆರೆದು ಕೆರೆದು ತೆಗೆದರು. ಗೋಂದಿನ ಗುರುತು ಚೌಕಾಕಾರವಾಗಿ ಉಳಿಯಿತು. ಮೊದಲೆಲ್ಲ ಮೆಟ್ಟಿಲಲ್ಲಿ ಸಿಕ್ಕರೆ "ಹಲ್ಲು ಎಷ್ಟು ಬಂತು?" ಎಂದು ಮಗುವನ್ನು ಕೇಳುತ್ತಿದ್ದವರು ಆಮೇಲೆ ಗೋಡೆಗೆ ಸರಿದು ದಾರಿ ಬಿಡತೊಡಗಿದರು. ತಪ್ಪಾಯಿತು ಎಂದು ಹೇಳಿಬಿಡಬೇಕೆಂದು ಅವಳು ಮೂರು ಸಲ ಅವರ ಬಾಗಿಲ ತನಕ ಹೋದಳು. ಮೂರನೇ ಸಲ ಗಂಟೆಯನ್ನೂ ಒತ್ತಿದಳು. ಬಾಗಿಲು ತೆರೆಯಿತು. "ನಿಮಗೆ ನೀರು ಬರ್ತಿದೆಯಾ ಸಾರ್?" ಎಂದಳು. "ಬರ್ತಿದೆ," ಎಂದರು. ಬಾಗಿಲು ಮುಚ್ಚಿತು. ಇದಾಗಿ ಎರಡು ತಿಂಗಳು.

ಈಗ ಬಾಲ್ಕನಿಯಲ್ಲಿ ನಿಂತವಳ ಕಣ್ಣಿಗೆ ಮೊದಲು ಕಂಡದ್ದೇ ಆ ಚೌಕ.

ಫೋನು ಕೈಯಲ್ಲೇ ಇತ್ತು. ಗಂಡ ಔಷಧಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಒಳಗೆ ಹೋಗುವಾಗ ಫೋನನ್ನು ಪೆಟ್ಟಿಗೆಯಲ್ಲಿಟ್ಟು ಹೋಗಬೇಕು, ಐದು ಗಂಟೆಯ ತನಕ ಬ್ರಹ್ಮ ಕರೆದರೂ ಸಿಗುವವನಲ್ಲ. ಆದರೂ ಹನ್ನೆರಡು ಸಲ ಮಾಡಿದಳು. ಅಮ್ಮನಿಗೆ ಮಾಡಬಹುದಿತ್ತು, ಆದರೆ ಅಮ್ಮ ಇರುವುದು ಒಂದು ರಾತ್ರಿಯ ಪ್ರಯಾಣದಾಚೆ. ಅಲ್ಲಿಂದ ಅಳಬಹುದು, ಬಾಗಿಲು ತೆಗೆಯಲಾಗುವುದಿಲ್ಲ. ಒಂದನೇ ಮನೆಯಿಂದ ಒಂಬತ್ತನೇ ಮನೆಯವರೆಗೆ ಯಾರಿಗೆ ಮಾಡಿದರೂ ಅವರು ಮೊದಲು ಹೋಗುವುದು ಕಾರ್ಯದರ್ಶಿಯ ಹಲಗೆಯ ಮುಂದಕ್ಕೇ. ಮುಂಬಾಗಿಲಿನ ಇನ್ನೊಂದು ಕೀ ನೇತಾಡುತ್ತಿದ್ದುದು ಅಲ್ಲಿ.

ಮಗಳು ಸಾಮಾನ್ಯವಾಗಿ ನಲವತ್ತು ನಿಮಿಷ ಮಲಗುತ್ತಾಳೆ. ಹದಿನೈದು ಆಗಿತ್ತು.

ಅವಳು ಕಂಬಿಯ ಮೇಲಿಂದ ಬಗ್ಗಿ ದರ್ಜಿಯ ಕಡೆ ಎರಡೂ ಕೈ ಬೀಸಿದಳು. ಯಂತ್ರದ ಸದ್ದಿನಲ್ಲಿ ಕೂಗು ಕೇಳಿಸುವಂತಿರಲಿಲ್ಲ. ಆದರೆ ದರ್ಜಿ ತಲೆಯೆತ್ತಿದ, ಅವಳ ಕೈಯಲ್ಲಿದ್ದ ಪುಸ್ತಕ ಕಂಡ, ಕೂದಲು ಸರಿಮಾಡಿಕೊಂಡ. ಆಮೇಲೆ ಕತ್ತರಿಯನ್ನು ಎತ್ತಿ ಹಿಡಿದು, ಗದ್ದ ಮೇಲೆ ಮಾಡಿ ಅಲ್ಲಾಡದೆ ಕೂತುಬಿಟ್ಟ. ಅವಳು ಬಾಗಿಲು ತೋರಿಸಿದಳು. ಅವನು ಆ ಕಡೆ ಮುಖ ತಿರುಗಿಸಿದ. ಪಕ್ಕದಿಂದ ಬರೆಯುತ್ತಾಳೆ ಎಂದುಕೊಂಡಿರಬೇಕು.

ಹಣ್ಣಿನ ಗಾಡಿಯವಳು ಹಾದುಹೋದಳು. "ಅಕ್ಕಾ, ಇಲ್ಲಿ ನೋಡು!"

"ನಾನು ಬೇಡ ತಾಯಿ," ಹಣ್ಣಿನವಳು ಮುಖಕ್ಕೆ ಕೈ ಅಡ್ಡ ಹಿಡಿದಳು. "ಹೋದ ಸಲ ಬರೆದಿದ್ದಕ್ಕೇ ನನ್ನ ಸೊಸೆ ಇನ್ನೂ ಕಿಸಿಕಿಸಿ ಅಂತಾಳೆ."

"ಬರೆಯಕ್ಕಲ್ಲ, ನಾನು ಸಿಕ್ಕಿಹಾಕಿಕೊಂಡಿದೀನಿ."

"ನಾವೆಲ್ಲ ಸಿಕ್ಕಿಹಾಕಿಕೊಂಡಿರೋರೇ," ಎಂದು ಗಾಡಿ ತಳ್ಳಿಕೊಂಡು ತಿರುವಿನಾಚೆ ಹೋದಳು.

ಫೋನು ಬಡಿದುಕೊಂಡಿತು. ಗಂಡನೇನೋ ಎಂದು ನೋಡಿದರೆ ಪತ್ರಿಕೆಯ ಉಪಸಂಪಾದಕರು.

"ಏನಮ್ಮ, ಚಿತ್ರ ಎಲ್ಲಿ? ನಾಲ್ಕಕ್ಕೆ ಪುಟ ಕಟ್ಟಬೇಕು."

"ಬರೀತಾ ಇದೀನಿ ಸಾರ್."

"ದರ್ಜೀದಾ? ಇರಲಿ. ಆದರೆ ಆ ಗೋಂದು ತಾತನ್ನ ಯಾಕೆ ಕೊಂದು ಹಾಕಿದ್ರಿ? ಓದುಗರು ನಮ್ಮನ್ನ ಕೇಳ್ತಾರೆ."

"ಕೊಂದಿಲ್ಲ ಸಾರ್. ಕೆಳಗಡೆ ಮನೇಲೇ ಇದಾರೆ."

"ಅಂದ್ರೆ?"

"ಏನಿಲ್ಲ ಸಾರ್. ಕಳಿಸ್ತೀನಿ."

ಫೋನಿಟ್ಟ ಮೇಲೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಹೇಳಬಹುದಿತ್ತು. ಹೇಳಿದ್ದರೆ ಅವರು ನಗುತ್ತಿದ್ದರು, ಆಮೇಲೆ ಇದನ್ನೇ ಬರೆದು ಕಳಿಸಿ ಎನ್ನುತ್ತಿದ್ದರು. ಬೇರೆಯವರು ಸಿಕ್ಕಿಬಿದ್ದಿದ್ದರೆ ತಾನೂ ಅದನ್ನೇ ಮಾಡುತ್ತಿದ್ದೆ ಎಂದು ಹೊಳೆದು ಕಿವಿ ಬಿಸಿಯಾಯಿತು.

ಕಾರ್ಯದರ್ಶಿಯ ನಂಬರು ತೆಗೆದಳು. ಫೋನಿನಲ್ಲಿ ಅವರ ಹೆಸರು 'ಗೋಂದು ತಾತ' ಎಂದೇ ಇತ್ತು. ಬೆರಳು ಮೇಲೇ ನಿಂತಿತು. ಇನ್ನೂ ಇಪ್ಪತ್ತು ನಿಮಿಷವಿದೆ, ಅಷ್ಟರಲ್ಲಿ ಯಾರಾದರೂ ಬಂದರೂ ಬಂದಾರು. ಬಂದು ಏನು ಮಾಡುತ್ತಾರೆ? ಗಾಜು ಒಡೆದರೆ? ಒಡೆದ ಚೂರೆಲ್ಲ ಬೀಳುವುದು ಹಾಸಿಗೆಯ ಕಡೆಗೇ. ಬ್ಲೇಡು ಎಲ್ಲಿಟ್ಟೆ?

ಲೆಕ್ಕಕ್ಕಿಂತ ಮುಂಚೆಯೇ ಮಗಳು ಎದ್ದಳು. ಅಳಲಿಲ್ಲ. ಗಾಜಿನಾಚೆ ಅಮ್ಮನನ್ನು ಕಂಡು, ಇದೊಂದು ಹೊಸ ಆಟವೆಂದುಕೊಂಡು ಕೇಕೆ ಹಾಕಿದಳು. ಅಮ್ಮನೂ ನಕ್ಕಳು, ಗಾಜಿಗೆ ಮೂಗು ಒತ್ತಿದಳು, ನಾಲಿಗೆ ಹೊರಚಾಚಿದಳು, ಮಂಗನಾದಳು, ಬೆಕ್ಕಾದಳು. ಮಗಳು ನೋಡಿದಳು, ನೋಡಿದಳು, ಬೇಸರವಾಯಿತು. ತಿರುಗಿ ಅಂಬೆಗಾಲಿಟ್ಟು ಹೊರಟಳು.

ಗಿಡ್ಡ ಮೇಜಿರುವುದು ಕಪಾಟಿನ ಮರೆಯಲ್ಲಿ. ಬಾಲ್ಕನಿಯಿಂದ ಅದರ ಒಂದು ಕಾಲು ಮಾತ್ರ ಕಾಣುತ್ತದೆ. ಮಗಳ ತಲೆ ಮರೆಯಾಯಿತು, ಬೆನ್ನು ಮರೆಯಾಯಿತು. ಉಳಿದದ್ದು ಎರಡು ಪಾದ. ಮೊದಲು ಅವುಗಳ ಅಂಗಾಲು ಕಾಣುತ್ತಿತ್ತು, ಆಮೇಲೆ ಅವು ನೆಲಕ್ಕೂರಿದವು. ಎದ್ದು ನಿಂತಳು. ಆಮೇಲೆ ಹಿಮ್ಮಡಿ ಮೇಲೆದ್ದಿತು.

ಜನರ ಕಾಲು ನೋಡಿ ಹೊಟ್ಟೆ ಹೊರೆದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತುದಿಗಾಲಲ್ಲಿ ನಿಂತವರು ಮೇಲಿರುವ ಏನಕ್ಕೋ ಕೈ ಚಾಚಿದ್ದಾರೆ.

ಅವಳು ಒತ್ತಿದಳು. ಎರಡನೇ ರಿಂಗಿಗೇ ಎತ್ತಿದರು.

"ಹೇಳಿ."

"ಸಾರ್, ನಾನು ಮೂರನೇ ಮಹಡಿ..."

"ನಂಬರಿದೆ. ಹೇಳಿ."

"ಸಾರ್, ಚಿಲಕ..."

"ಮಗು ಒಳಗಿದೆಯಾ?"

"ಒಳಗೆ."

"ಫೋನ್ ಇಡಬೇಡಿ." ಮೊಳೆಯಿಂದ ಕೀ ತೆಗೆದ ಸದ್ದು, ಚಪ್ಪಲಿಯ ಸದ್ದು. "ಮಗು ಕಾಣ್ತಾ ಇದೆಯಾ?"

"ಕಾಲು ಮಾತ್ರ ಕಾಣುತ್ತೆ."

"ಕಾಲು ಏನು ಮಾಡ್ತಿದೆ?"

"ತುದಿಗಾಲಲ್ಲಿ ನಿಂತಿದೆ."

"ನಿಂತಿದೆ ತಾನೆ? ಹೇಳ್ತಾ ಇರಿ." ಮೆಟ್ಟಿಲು ಹತ್ತುತ್ತಿದ್ದರು, ಮಾತಿನ ನಡುವೆ ಉಸಿರು ಬರುತ್ತಿತ್ತು.

"ಈಗ ಕೂತಳು ಸಾರ್. ಕೈಯಲ್ಲಿ ಏನೋ ಇರಬೇಕು, ಸದ್ದೇ ಇಲ್ಲ. ಸಾರ್, ಬ್ಲೇಡು ಎಲ್ಲೋ ಇಟ್ಟಿದೀನಿ, ಎಲ್ಲಿ ಅಂತ ನೆನಪಾಗ್ತಿಲ್ಲ."

"ಅದಕ್ಕೊಂದು ಕಾಗದ ಅಂಟಿಸಿಡಬೇಕಿತ್ತು ನೀವು."

ಅವಳಿಗೆ ಅಳು ಬಂತು. "ಸಾರ್, ಅವತ್ತಿನ ಆ ಚಿತ್ರ..."

"ಅದಕ್ಕೆ ಆಮೇಲೆ ಬೈತೀನಿ. ಈಗ ಉಸಿರಿಲ್ಲ."

ಕೀ ತಿರುಗಿದ ಸದ್ದು ಫೋನಿನಲ್ಲೂ ಗಾಜಿನಾಚೆಯೂ ಒಟ್ಟಿಗೇ ಕೇಳಿಸಿತು. ಹವಾಯಿ ಚಪ್ಪಲಿಯ ಎರಡು ಪಾದಗಳು ಮಗಳ ಪಾದಗಳ ಪಕ್ಕ ಬಂದು ನಿಂತವು. ಮೊಣಕಾಲು ಲಟಕ್ಕೆಂದಿತು. ಆಮೇಲೆ ಫೋನಿನಲ್ಲಿ ಅವರ ದನಿ, ಮೆಲ್ಲಗೆ.

"ರಬ್ಬರು. ಅರ್ಧ ತಿಂದಿದಾಳೆ."

"ಬ್ಲೇಡು ಸಾರ್?"

"ತಡೀರಿ." ತಡಕಾಡಿದರು. "ಕಪಾಟಿನ ಮೇಲೆ, ಡಬ್ಬೀಲಿದೆ. ಡಬ್ಬಿಗೆ ಮುಚ್ಚಳಾನೂ ಹಾಕಿದೀರಿ."

ಮಗಳನ್ನು ಎತ್ತಿಕೊಂಡು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅವರು ಬಾಗಿಲ ಹತ್ತಿರ ಬಂದರು. ಇಬ್ಬರ ನಡುವೆ ಒಂದು ಗಾಜಿತ್ತು. ಇಬ್ಬರೂ ಫೋನು ಇಟ್ಟಿರಲಿಲ್ಲ. ಅವರು ಚಿಲಕದ ಮೇಲೆ ಕೈಯಿಟ್ಟು, ತೆಗೆಯದೆ, ಆ ಚೌಕದ ಗುರುತನ್ನು ನೋಡಿದರು.

"ಇಲ್ಲಿ ನಂದೊಂದು ಕಾಗದ ಇತ್ತು," ಎಂದರು.

"ಇತ್ತು ಸಾರ್. ಮತ್ತೆ ಅಂಟಿಸ್ತೀರಾ?"

"ಗೋಂದು ಮುಗಿದಿದೆ," ಎಂದರು ಅವರು. "ನಾಳೆ ತರ್ತೀನಿ."