ಏಳನೇ ಮಹಡಿಯ ಮಗ್ಗ

ಅಕ್ಕನ ಬಾಡಿಗೆ ಮನೆ ಕೈತಪ್ಪಿ ಹೋಗುವ ಹಾಗೆ ಮಾಡಿದವನು ನಾನೇ. ತಪ್ಪನ್ನು ಬೇರೆ ಯಾರ ಮೇಲೂ ಹಾಕಲು ಬರುವುದಿಲ್ಲ. ದನಿ ನನ್ನದಲ್ಲ ಎನ್ನಬಹುದು, ಬಾಯಿ ಮಾತ್ರ ನನ್ನದೇ.

ರಬಕವಿಯಲ್ಲಿ ನಮ್ಮದು ಮಗ್ಗದ ಮನೆ. ನಡುಮನೆಯ ಗೋಡೆಯಾಚೆ ಅಪ್ಪನ ಎರಡು ಪಾವರ್‌ಲೂಮ್. ನೇಕಾರನ ಮಗನಾಗಿ ನಾನು ಒಂದು ಸೀರೆ ನೇಯುವುದನ್ನೂ ಕಲಿಯಲಿಲ್ಲ. ಮಗ್ಗದ ಸದ್ದನ್ನು ಬಾಯಲ್ಲಿ ಮಾಡಲು ಮಾತ್ರ ಕಲಿತೆ. ಅದರ ಜೊತೆಗೆ ಬನಹಟ್ಟಿಯ ನೂಲಿನ ಸಾಹುಕಾರರ ಕೆಮ್ಮು, ಜಮಖಂಡಿ ಬಸ್ಸಿನ ಕಂಡಕ್ಟರನ ಸೀಟಿ, ಸಿಟ್ಟು ಬಂದಾಗ ಅಪ್ಪ ಮೂಗಿನಿಂದ ಬಿಡುವ ಉಸಿರು.

“ಊರಾನ ಎಲ್ಲಾರ ದನಿ ಬರತಾವ ಇವಂಗ. ತನ್ನದೊಂದು ಇಲ್ಲ ನೋಡು,” ಎನ್ನುತ್ತಿದ್ದ ಅಪ್ಪ. ನಾನು ಅದನ್ನೂ ಅಪ್ಪನ ದನಿಯಲ್ಲೇ ಹೇಳಿ ತೋರಿಸುತ್ತಿದ್ದೆ.

ಅಕ್ಕ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಹೆರಿಗೆಗೆ ತವರಿಗೆ ಬಂದಳು. ಕೂಸು ಮಗ್ಗದ ಗೋಡೆಯ ಈಚೆ ಜೋಲಿಯಲ್ಲಿ ಬೆಳೆಯಿತು. ನಮ್ಮ ಕಡೆಯ ಕೂಸುಗಳು ಬೇರೆ ಕೂಸುಗಳಿಗೆ ಉಲ್ಟಾ. ಮಗ್ಗ ಓಡುವಾಗ ಗಾಢ ನಿದ್ದೆ. ಕರೆಂಟು ಹೋಗಿ ಮಗ್ಗ ನಿಂತಿತೋ, ಬೆಚ್ಚಿ ಎದ್ದು ಅಳು. ನಾವೂ ಹಾಗೆಯೇ ಬೆಳೆದವರು. ಕರೆಂಟು ಹೋದ ಮಧ್ಯಾಹ್ನ ಇಡೀ ಓಣಿ ಒಮ್ಮೆಲೇ ಎದ್ದು ಕೂತು ಕಣ್ಣುಜ್ಜಿಕೊಳ್ಳುತ್ತಿತ್ತು. ಇದು ನಮಗೆ ಎಷ್ಟು ಸಹಜವೆಂದರೆ, ಬೆಂಗಳೂರಿಗೆ ಸಾಮಾನು ಕಟ್ಟುವಾಗ ಕುಂಚಿಗೆ, ಬಜೆ, ಎಣ್ಣೆಯ ಬಾಟಲಿ ಎಲ್ಲ ನೆನಪಿಟ್ಟು ಇಟ್ಟುಕೊಂಡವರು ಸದ್ದನ್ನು ಊರಲ್ಲೇ ಬಿಟ್ಟುಹೋದೆವು.

ಫ್ಲ್ಯಾಟು ಆಸ್ಪತ್ರೆಗೆ ಹತ್ತಿರ. ಎರಡು ಮಲಗುವ ಕೋಣೆ, ದೊಡ್ಡ ಗೇಟು, ಗೇಟಿಗೊಬ್ಬ ವಾಚ್‌ಮನ್. ಭಾವನ ನೌಕರಿ ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ. ಹಾಗಾಗಿ ಕೂಸನ್ನು ನೋಡಿಕೊಳ್ಳಲು ಅವ್ವ, ಸಾಮಾನು ಹೊರಲು ನಾನು. ಈ ಮನೆ ನಿಂತರೆ ಕೂಸು ಅಕ್ಕನ ಹತ್ತಿರ. ಇಲ್ಲದಿದ್ದರೆ ಅಕ್ಕ ಹಾಸ್ಟೆಲಿಗೆ, ಕೂಸು ಅವ್ವನ ಜೊತೆ ರಬಕವಿಗೆ. ಹಾಗಂತ ಮೊದಲೇ ಮಾತಾಗಿತ್ತು. ಆ ಮಾತು ಬಂದಾಗಲೆಲ್ಲ ಅಕ್ಕ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ಮಾಲೀಕರು ಕೀಲಿ ಕೊಡುವಾಗ, “ಗಲಾಟೆ ಏನೂ ಇರಲ್ಲ ತಾನೇ?” ಎಂದರು.

“ಏನೂ ಇಲ್ರಿ. ನಾವು ಭಾಳ ಸಮಾಧಾನದ ಮಂದಿ,” ಎಂದಳು ಅಕ್ಕ. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ಕಾಲು ತುಳಿದಳು.

ಏಳನೇ ಮಹಡಿಯ ಮಧ್ಯಾಹ್ನಗಳು ಈಗ ನೆನೆದರೂ ಕನಸಿನಂತಿವೆ. ಪರದೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಬಿಳಿ ಟೈಲ್ಸಿನ ಮೇಲೆ ಬಿಸಿಲು ಬೀಳಗಿ ಕಡೆಯ ಹಿನ್ನೀರಿನಂತೆ ಹರಡಿ ಅಲುಗದೆ ನಿಲ್ಲುತ್ತಿತ್ತು. ಆ ನೀರಿನ ಕೆಳಗೂ ಮುಳುಗಿದ ಊರಿನ ಮನೆಗಳಿವೆ, ಈ ನೆಲದ ಕೆಳಗೂ ಮನೆಗಳಿವೆ ಎಂದುಕೊಳ್ಳುತ್ತ ಮಲಗಿರುತ್ತಿದ್ದೆ. ಆದರೆ ಕೂಸಿಗೆ ಆ ಮೌನ ಕರೆಂಟು ಹೋದ ಹಾಗೆ. ಕಣ್ಣು ಬಿಟ್ಟುಕೊಂಡು ಛತ್ತು ನೋಡುವುದು, ಅಳುವುದು. ಅತ್ತು ಸುಸ್ತಾಗಿ ಮತ್ತೆ ನೋಡುವುದು. ಅವ್ವನ ಜೋಗುಳಗಳೆಲ್ಲ ಮುಗಿದವು.

ಒಂದು ದಿನ ಬೇಸರಕ್ಕೆ ನಾನು ಶುರುಮಾಡಿದೆ. ನಾಲಿಗೆಯನ್ನು ಅಂಗುಳಕ್ಕೆ ಹೊಡೆದು ಖಟಾಖಟ್, ಖಟಾಖಟ್. ನಡುವೆ ಲಾಳಿ ಈ ಬದಿಯಿಂದ ಆ ಬದಿಗೆ ಹಾಯುವ ಸುಂಯ್. ಹಿಮ್ಮಡಿಯಿಂದ ನೆಲಕ್ಕೆ ತಾಳ. ಕೂಸಿನ ಕಣ್ಣು ಮುಚ್ಚಿದವು. ಅವ್ವನವೂ ಮುಚ್ಚಿದವು. ನಾನು ಅರೆನಿದ್ದೆಯಲ್ಲೇ ಎರಡೂ ಮಗ್ಗ ಓಡಿಸುತ್ತಿದ್ದೆ. ಆಚೆ ಕೋಣೆಯಲ್ಲಿ ಅಪ್ಪ ಹುಬ್ಬಿಗೆಲ್ಲ ಹತ್ತಿಯ ಧೂಳು ಅಂಟಿಸಿಕೊಂಡು ನಿಂತಂತೆ ಅನ್ನಿಸುತ್ತಿತ್ತು. ದಿನಾ ಇದೇ ನಡೆಯಿತು.

ಒಂದು ಮಧ್ಯಾಹ್ನ ಇಂಟರ್‌ಕಾಮ್ ರಿಂಗಾಯಿತು. ವಾಚ್‌ಮನ್. “ಸಾರ್, ಆರನೇ ಫ್ಲೋರ್‌ನೋರು ಕಂಪ್ಲೇಂಟ್ ಮಾಡ್ತಾವ್ರೆ. ಅದೇನ್ ಸಾರ್ ಸೌಂಡು?”

ಖರೆ ಹೇಳಿದ್ದರೆ ಮುಗಿಯುತ್ತಿತ್ತು. ನಿದ್ದೆಗಣ್ಣಲ್ಲಿ ನನ್ನ ಗಂಟಲಿನಿಂದ ಬನಹಟ್ಟಿಯ ಸಾಹುಕಾರರು ಕೆಮ್ಮಿ ಎದ್ದುಬಂದರು: “ಎರಡು ಮಗ್ಗ ಹಾಕೇವಪಾ. ನಾಳಿ ಇನ್ನೆರಡು ಬರತಾವು. ಗೇಟ್ ಪೂರಾ ತಗದಿಡು.”

ವಾಚ್‌ಮನ್ ನಿಷ್ಠಾವಂತ. ಮರುದಿನ ಮಧ್ಯಾಹ್ನ ಮಾಲೀಕರು ಸೊಸೈಟಿಯ ಸೆಕ್ರೆಟರಿಯನ್ನು ಕರೆದುಕೊಂಡು ಬಂದರು. ಅಕ್ಕ ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದಳು, ಇನ್ನೂ ಯೂನಿಫಾರ್ಮಿನಲ್ಲೇ ಇದ್ದಳು.

“ಎಲ್ಲಿ ಮೇಡಂ ಮಿಷನ್ನು?” ಎಂದರು ಸೆಕ್ರೆಟರಿ.

“ಯಾವ ಮಿಷನ್ರಿ?”

“ಇದು ಸಂಸಾರ ಮಾಡೋಕೆ ಕೊಟ್ಟಿರೋ ಮನೆ, ಫ್ಯಾಕ್ಟರಿ ನಡ್ಸೋಕಲ್ಲ. ಈ ತಿಂಗಳೇ ಖಾಲಿ ಮಾಡಿ,” ಎಂದರು ಮಾಲೀಕರು.

ಅಕ್ಕ ಅವರನ್ನು ನೋಡಲಿಲ್ಲ. ಮಂಚದ ಮೇಲಿನ ಕೂಸನ್ನು ನೋಡಿದಳು, ಆಮೇಲೆ ನನ್ನನ್ನು. ಅವಳ ಆ ನೋಟವನ್ನು ಮಾತ್ರ ನನಗೆ ಇವತ್ತಿಗೂ ಅಣಕಿಸಲು ಬರುವುದಿಲ್ಲ.

ಅವರು ಎರಡೂ ಕೋಣೆ, ಬಚ್ಚಲು, ಬಾಲ್ಕನಿ ನೋಡಿದರು. ಸೆಕ್ರೆಟರಿ ಬಗ್ಗಿ ಮಂಚದ ಕೆಳಗೂ ಇಣುಕಿದರು. ಅಲ್ಲಿ ಸಿಕ್ಕಿದ್ದು ಅವ್ವನ ರೊಟ್ಟಿಯ ಗಂಟು.

“ಮಗ್ಗ ನಾನೇರಿ,” ಎಂದೆ.

ಅಷ್ಟರಲ್ಲಿ ಕೂಸು ಎದ್ದು ಕಿರುಚತೊಡಗಿತು. “ಮಾಡೋ, ಈಗರ ಮಾಡು,” ಎಂದಳು ಅಕ್ಕ. ಮಗ್ಗ ಹೂಡಿದೆ. ಕೂಸು ಸುಮ್ಮನಾಯಿತು. ಬಾಗಿಲಿಗೆ ಒರಗಿದ್ದ ಮಾಲೀಕರ ರೆಪ್ಪೆಗಳೂ ಜೋತುಬಿದ್ದವು. ಸೆಕ್ರೆಟರಿ ಮಾತ್ರ ಕರಗಲಿಲ್ಲ: “ಏನೇ ಆಗ್ಲಿ, ರೂಲ್ಸ್ ಅಂದ್ರೆ ರೂಲ್ಸು. ಈ ಹುಡುಗ ಬಾಯಿ ಮುಚ್ಕೊಂಡಿರ್ಬೇಕು.”

ಮುಚ್ಚಿದೆ. ಕೂಸು ಆರನೇ ಮಹಡಿಗಷ್ಟೇ ಅಲ್ಲ, ನೆಲಮಹಡಿಗೂ ಕೇಳುವ ಹಾಗೆ ಮತ್ತೆ ಶುರುಮಾಡಿತು. ಅಲ್ಲಿಯವರೆಗೆ ಕೂಸಿನ ಬಟ್ಟೆ ಮಡಚುತ್ತಿದ್ದ ಅವ್ವ ತಲೆಯೆತ್ತಿ ಒಂದು ಮಾತು ಹೇಳಿದಳು. ಸೆಕ್ರೆಟರಿ ಮಾಲೀಕರ ಮುಖ ನೋಡಿದರು, ಮಾಲೀಕರು ಹೋಗಿ ಲಿಫ್ಟಿನ ಗುಂಡಿ ಒತ್ತಿದರು. ಖಾಲಿ ಮಾಡುವ ಮಾತು ಮತ್ತೆ ಬರಲಿಲ್ಲ. ಕೂಸು ನಡೆಯಲು ಕಲಿತದ್ದು ಆ ಬಿಳಿ ಟೈಲ್ಸಿನ ಮೇಲೆಯೇ. ಅವ್ವ ಅಂದದ್ದು ಇಷ್ಟು:

“ಇಂವ ಬಾಯಿ ಮುಚ್ಚಿದರ ಅದು ಬಾಯಿ ತಗೀತೈತ್ರಿ. ಯಾವ ಬಾಯಿ ಬೇಕು, ನೀವ ಹೇಳಿ ಹೋಗ್ರಿ.”