ಡಂಪರಿನ ಗಾಜು

ಅಪ್ಪ ಸಂಡೂರಿನ ಗುಡ್ಡದ ಮೇಲಿನ ಒಂದು ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದರು. ಅದಿರಿನ ವ್ಯಾಪಾರ ಏರಿದ ವರ್ಷಗಳಲ್ಲಿ ಅಲ್ಲಿಗೆ ಹೊಸ ಡಂಪರುಗಳು ಬಂದವು. ಅವುಗಳ ಜೊತೆ ಬಂದ ಎಂಜಿನಿಯರೊಬ್ಬ ಹಳೆಯ ಚಾಲಕರಿಗೆ ಒಂದೊಂದು ಪೆಟ್ಟಿಗೆ ಕೊಟ್ಟು ಹೋದ. ಒಳಗೆ ಅದೇ ಡಂಪರಿನ ಗೇಣುದ್ದದ ಮಾದರಿ, ಬಿಡಿಬಿಡಿ ಭಾಗಗಳಲ್ಲಿ, ನಾವೇ ಜೋಡಿಸಿಕೊಳ್ಳಬೇಕು. ಅಪ್ಪ ಅದನ್ನು ಬೀರುವಿನ ಮೇಲಿಟ್ಟರು, ಮತ್ತೆ ಮುಟ್ಟಲಿಲ್ಲ.

ಕೆಲವು ವರ್ಷಗಳ ನಂತರ ಅವರು ಡಂಪರಿನಿಂದ ಇಳಿದು ಉಗ್ರಾಣದ ಕೆಲಸಕ್ಕೆ ಹೋದರು. ಆಮೇಲೆ ಅದನ್ನೂ ಬಿಟ್ಟು ಹೊಸಪೇಟೆ ಪಕ್ಕದ ಚಿತ್ತವಾಡ್ಗಿಯ ಮನೆಯಲ್ಲೇ ಕುಳಿತರು. ಹೊಸ ಹುಡುಗರಿಗಾಗಿ ಇವರನ್ನು ಇಳಿಸಿದರೆಂದು ಅವ್ವ ಫೋರ್‌ಮನ್ನನನ್ನು ದಿನವೂ ಬೈಯುತ್ತಿದ್ದಳು. ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ನಾನು ಆಗ ಕಂಪ್ಲಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಬೇಸಿಗೆ ರಜೆಯಲ್ಲಿ ಮಾಡಲು ಬೇರೆ ಕೆಲಸವಿಲ್ಲದೆ ಆ ಪೆಟ್ಟಿಗೆ ಇಳಿಸಿದೆ. ಚಕ್ರ, ಚಾಸಿ, ಅದಿರು ತುಂಬುವ ಹಳದಿ ಡಬ್ಬಿ ಎಲ್ಲ ಸುಲಭವಾಗಿ ಕೂತವು. ಉಳಿದದ್ದು ಕ್ಯಾಬಿನ್ನಿನ ಗಾಜುಗಳು. ಆರು ತುಣುಕು ಪಾರದರ್ಶಕ ಪ್ಲಾಸ್ಟಿಕ್ಕು, ಎಲೆಗಿರುವಂಥ ಸಣ್ಣ ತೊಟ್ಟುಗಳಿಂದ ಒಂದು ಚೌಕಟ್ಟಿಗೆ ಅಂಟಿಕೊಂಡಿದ್ದವು. ಉಳಿದ ಭಾಗಗಳಂತೆ ಇವನ್ನೂ ನೇಲ್ ಕಟರಿನಿಂದ ಕತ್ತರಿಸಹೋದೆ. ಟಿಕ್ ಎಂದಿತು. ಮುಂಭಾಗದ ಗಾಜಿನ ಮೂಲೆಯಿಂದ ನಡುವಿನವರೆಗೆ ಒಂದು ಬಿಳಿ ಗೆರೆ ಓಡಿತು.

ಇಂಥ ಪ್ಲಾಸ್ಟಿಕ್ಕು ಕತ್ತರಿಸಿ ಗೊತ್ತಿರುವವರೆಂದು ಅದನ್ನು ಹೊಸಪೇಟೆಯ ಕನ್ನಡಕದ ಅಂಗಡಿಗೆ ಒಯ್ದೆ. ಅಂಗಡಿಯವರು ಬೆಳಕಿಗೆ ಹಿಡಿದು ನೋಡಿದರು.

"ಇದು ಗಾಜಿನ ಜಾತೀದ್ರಿ ಟೀಚರ್. ಅದುಮಿದ್ರ ಸೀಳ್ತದ. ಕತ್ತರಿಸಬ್ಯಾಡ್ರಿ, ನಿಧಾನಕ್ಕ ಕೊಯ್ರಿ. ತೊಟ್ಟು ಒಂದೀಟು ಉಳೀಲಿ, ಆಮ್ಯಾಲೆ ತಿಕ್ಕಿ ತಗೀರಿ."

ಹೊಸ ಫ್ರೇಮುಗಳಲ್ಲಿ ಸುಮ್ಮನೆ ಕೂರಿಸಿ ಕಳಿಸುವ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಕಿತ್ತು ಕೊಟ್ಟು, ಮುಂಭಾಗದ ಗಾಜನ್ನು ಇದರಲ್ಲೇ ಮಾಡಿಕೊಳ್ಳಿ ಎಂದರು. ಅಕ್ಕಸಾಲಿಗರು ಬಳಸುವ, ದಾರದಷ್ಟು ತೆಳುವಾದ ಗರಗಸದ ಎಳೆ ಎಲ್ಲಿ ಸಿಗುತ್ತದೆಂದೂ ಹೇಳಿದರು.

ಬಿಲ್ಲೆಯ ಮೇಲೆ ಟೇಪು ಹಚ್ಚಿ, ಅಳತೆ ಬರೆದು, ಗೆರೆಯ ಹೊರಗೆ ಕೊಯ್ದೆ. ಎಳೆ ಬಿಸಿಯಾದರೆ ಪ್ಲಾಸ್ಟಿಕ್ಕು ಕರಗಿ ಹಿಡಿದುಕೊಳ್ಳುತ್ತಿತ್ತು. ನಿಲ್ಲಿಸಿ, ನೀರು ಹನಿಸಿ ಮತ್ತೆ ಕೊಯ್ಯಬೇಕು. ಒಂದು ಮಧ್ಯಾಹ್ನಕ್ಕೆ ಒಂದೇ ಗಾಜು ಮುಗಿಯಿತು. ಒದ್ದೆ ಮರಳುಕಾಗದದಲ್ಲಿ ಅಂಚು ತಿಕ್ಕಿ ಕೂರಿಸಿದೆ. ಮರುದಿನ ಚೌಕಟ್ಟಿನ ತೊಟ್ಟು ಕೊಯ್ದು ಬಲಬದಿಯ ಗಾಜನ್ನೂ ಕೂರಿಸಿದೆ.

ಅಪ್ಪ ಬಂದು ಪಕ್ಕದಲ್ಲಿ ಕುಳಿತರು. ಮಾದರಿಯನ್ನು ನೋಡಲಿಲ್ಲ, ಕೈಗೆತ್ತಿಕೊಂಡು ಬೆರಳಾಡಿಸಿದರು. ಇನ್ನೂ ಗಾಜಿಲ್ಲದ ಎಡಬದಿಯ ಕಿಂಡಿಯ ಹತ್ತಿರ ಬೆರಳು ನಿಂತಿತು.

"ಇಲ್ಲೇ ನಿಂತಿದ್ದ ಅವ" ಎಂದರು.

"ಯಾರಪ್ಪಾ?"

"ಸರ್ವೇಕ್ಕ ಬಂದಿದ್ದ ಹುಡುಗ. ರಿವರ್ಸ್ ಹಾಕಿ ತಿರುಗಿಸಾಕತ್ತಿದ್ದೆ. ಈ ಗ್ಲಾಸಿನ್ಯಾಗ ಬರೇ ಮಂಜು ಕಾಣ್ತಿತ್ತು ನನಗ. ಧೂಳು ಅಂದ್ಕೊಂಡೆ. ಹಿಂದಿನ ಗಾಡಿಯವ ಚೀರಿದ, ಬ್ರೇಕ್ ಹಾಕಿದೆ. ಒಂದು ಮೊಳ ಉಳಿದಿತ್ತಷ್ಟ. ಇಳಿದು ಬಂದು ಗ್ಲಾಸ್ ಒರೆಸಿದೆ. ಗ್ಲಾಸ್ ಸ್ವಚ್ಛ ಇತ್ತು ಮಗಳ. ಮಂಜು ನನ್ನ ಕಣ್ಣಾಗ ಇತ್ತು."

ಅದರ ಮರುದಿನ ತಾವೇ ಫೋರ್‌ಮನ್ನನ ಬಳಿ ಹೋಗಿ, ಇನ್ನು ಗಾಡಿ ಹತ್ತುವುದಿಲ್ಲ ಎಂದರಂತೆ. ಯಾರೂ ಇಳಿಸಿರಲಿಲ್ಲ.

"ನಮಗ್ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ಮನಿಷ್ಯಾನ ಮ್ಯಾಲೆ ಗಾಡಿ ಹತ್ತಿಸ್ತಿದ್ದೆ ಅಂತ?"

ಒಲೆಯ ಮುಂದಿದ್ದ ಅವ್ವ ಕೇಳಿಸಿಕೊಂಡಳು. ಅಂದಿನಿಂದ ಫೋರ್‌ಮನ್ನನನ್ನು ಬೈಯುವುದು ನಿಂತಿತು.

ಅದೇ ವಾರ ಹೊಸಪೇಟೆಯಲ್ಲಿ ಡಾಕ್ಟರಿಗೆ ತೋರಿಸಿದೆ. ಎರಡೂ ಕಣ್ಣಲ್ಲಿ ಪೊರೆ, ಎಡಗಣ್ಣಿನದು ಹಣ್ಣಾಗಿತ್ತು. ಮೊದಲು ಅದಕ್ಕೇ ಆಪರೇಷನ್ ಮಾಡಿದರು. ಪಟ್ಟಿ ಬಿಚ್ಚಿದ ದಿನ ಆಟೋದಲ್ಲಿ ಬರುವಾಗ ಅಪ್ಪ ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡುಗಳನ್ನು ಗಟ್ಟಿಯಾಗಿ ಓದಿದರು. ಆಟೋದವನು ಎರಡು ಸಲ ತಿರುಗಿ ನೋಡಿದ.

ಮಳೆಗಾಲದ ಹೊತ್ತಿಗೆ ಬಲಗಣ್ಣಿನದೂ ಆಯಿತು. ಡಂಪರ್ ಓಡಿಸಲು ಅವರು ಮತ್ತೆ ಹೋಗಲಿಲ್ಲ, ಹೋಗುತ್ತೇನೆಂದೂ ಹೇಳಲಿಲ್ಲ. ನನಗೆ ಶಾಲೆ ಶುರುವಾಗಿತ್ತು. ಒಂದು ಸಂಜೆ ಕಂಪ್ಲಿಯಿಂದ ಬರುವಷ್ಟರಲ್ಲಿ ಅಪ್ಪ ಕನ್ನಡಕ ಹಾಕಿಕೊಂಡು, ಉಳಿದ ಗಾಜುಗಳ ತೊಟ್ಟು ಕೊಯ್ಯಲು ಕುಳಿತಿದ್ದರು.