ಉಪ್ಪುನೀರಿನ ಹನಿ ಎಣಿಸಿದವರು

ಸಿಸ್ಟರ್ ಅವರ ಬಲಗೈ ಹೆಬ್ಬೆರಳ ಉಗುರು ಸದಾ ಬುಡದವರೆಗೆ ಕತ್ತರಿಸಿರುತ್ತಿತ್ತು. ಆ ಬೆರಳಿನಿಂದ ಅವರು ರೋಗಿಯ ಕಣಕಾಲು ಒತ್ತಿ ಕುಳಿ ಬಿತ್ತೇ, ನೀರು ತುಂಬಿದೆಯೇ ಎಂದು ನೋಡುತ್ತಿದ್ದರು. ಮುಂಗೈ ಚರ್ಮ ಚಿವುಟಿ ಎಷ್ಟು ಹೊತ್ತಿಗೆ ಇಳಿಯಿತು ಎಂದು ನೋಡುತ್ತಿದ್ದರು. ಮೂಡಿಗೆರೆಯ ಒಂದು ಸಣ್ಣ ನರ್ಸಿಂಗ್ ಹೋಮಿನ ಹಿರಿಯ ನರ್ಸ್ ಅವರು. ಸಂತೆಯಲ್ಲಿ ಸಿಕ್ಕರೂ, "ಮೂತ್ರ ಸರಿಯಾಗಿ ಹೋಗ್ತಾ ಇದ್ಯಾ ಮಾರಾಯ್ರೇ?" ಎಂದು ಹತ್ತು ಜನರ ಎದುರು ಕೇಳುವವರು. ದೊಡ್ಡ ದೊಡ್ಡ ಪ್ಲಾಂಟರುಗಳೇ ಅವರನ್ನು ಕಂಡರೆ ರಸ್ತೆ ದಾಟುತ್ತಿದ್ದರು.

ನಾನು ಆಗಲೇ ಚಿಂತೆಯಲ್ಲಿ ನುರಿತವನು. ಅಮ್ಮನಿಗೆ ಬಿ.ಪಿ. ಎಂದು ಡಾಕ್ಟರು ಮಾತ್ರೆ ಕೊಟ್ಟು "ಉಪ್ಪು ಕಡಿಮೆ ಮಾಡಿ" ಅಂದದ್ದೇ ತಡ, ಅವಳ ತಟ್ಟೆಗೆ ಉಪ್ಪಿನ ಹರಳು ಬೀಳದಂತೆ ಕಾವಲು ಕೂತೆ. ಬರೀ ಸಪ್ಪೆ ಗಂಜಿ. ಮೇಲಿಂದ, ಒಳಗಿನದೆಲ್ಲ ತೊಳೆದು ಹೋಗಲೆಂದು ಗಂಟೆಗೊಂದು ಚೆಂಬು ಜೀರಿಗೆ ನೀರು. ಮೂರನೇ ವಾರ ಅಮ್ಮ ನನ್ನನ್ನು ನೋಡಿ, "ರೈಟ್ರೇ, ಪಾರ್ಚ್‌ಮೆಂಟ್ ಕಾಫಿ ಒಳಗೆ ಹಾಕ್ಸಿದ್ರಾ? ಮಳೆ ಬರ್ತದೆ" ಅಂದಳು. ನಾನು ಎಸ್ಟೇಟಿನ ಲೆಕ್ಕ ಬರೆಯುವ ರೈಟರಲ್ಲ, ಶಾಲೆಯ ಗುಮಾಸ್ತ. ಅವಳ ಒಬ್ಬನೇ ಮಗ.

ನರ್ಸಿಂಗ್ ಹೋಮಿನಲ್ಲಿ ಸಿಸ್ಟರ್, "ಊಟಕ್ಕೆ ಏನು ಕೊಡ್ತಿದ್ರಿ?" ಎಂದರು. ಹೆಮ್ಮೆಯಿಂದಲೇ ಹೇಳಿದೆ.

"ಕಡಿಮೆ ಅಂದ್ರೆ ಇಲ್ಲವೇ ಇಲ್ಲ ಅಂತಲ್ಲ ಮಾರಾಯ್ರೇ! ಮೈಯಲ್ಲಿದ್ದ ಚೂರು ಉಪ್ಪನ್ನೂ ನೀರು ಹಾಕಿ ತೆಳ್ಳಗೆ ಮಾಡಿಟ್ಟಿದ್ದೀರಿ."

ಚಿಕ್ಕಮಗಳೂರಿಗೆ ಹೋಗಿ ಬಂದ ರಕ್ತದ ವರದಿಯೂ ಅದನ್ನೇ ಹೇಳಿತು. ಕೂರೋಣವೆಂದರೆ ಬೆಂಚು ಕಾಣಲಿಲ್ಲ, ಎದುರಿಗೇ ಇತ್ತು.

ಡಾಕ್ಟರು ಗಟ್ಟಿ ಉಪ್ಪುನೀರಿನ ಬಾಟಲಿ ಹಾಕಿಸಿದರು. ಸಿಸ್ಟರ್ ಗಡಿಯಾರ ಹಿಡಿದು ಹನಿ ಎಣಿಸಿ ವೇಗ ಹೊಂದಿಸಿದರು. ಒಂದು ಹನಿ ಬಿದ್ದು ಇನ್ನೊಂದು ಬೀಳುವುದರೊಳಗೆ ನಾನು ಅಮ್ಮನ ತಿಥಿಯವರೆಗೆ ಯೋಚಿಸಿ ಮುಗಿಸುತ್ತಿದ್ದೆ. ಅವರು ಪಕ್ಕದ ಕೋಣೆಗೆ ಹೋದದ್ದೇ, ಕೊಳವೆಯ ಚಕ್ರ ತಿರುಗಿಸಿಬಿಟ್ಟೆ. ಹನಿಗಳು ಧಾರೆಯಾದವು. ಸಮಾಧಾನವೂ ಆಯಿತು.

ಸಿಸ್ಟರ್ ಬಾಗಿಲಿಂದಲೇ ಓಡಿ ಬಂದು ಅದನ್ನು ಮುಚ್ಚಿದರು. "ಯಾರು ತಿರುಗಿಸಿದ್ದು?"

"ನಾನೇ ಸಿಸ್ಟರ್. ಬೇಗ ಹುಷಾರಾಗ್ಲಿ ಅಂತ..."

"ವಾರಗಟ್ಟಲೆ ಇಳಿದದ್ದನ್ನ ಒಂದೇ ಸಲ ಏರಿಸಿದ್ರೆ ಮಿದುಳಿಗೇ ಪೆಟ್ಟು! ಮತ್ತೆ ಮಾತೂ ಇಲ್ಲ, ಕೈಕಾಲೂ ಇಲ್ಲ."

ಒಂದೇ ತಿಂಗಳಲ್ಲಿ ಎರಡು ಸಲ ಅಮ್ಮನನ್ನು ಕೊಲ್ಲಹೊರಟಿದ್ದೆ, ಎರಡು ಸಲವೂ ಪ್ರೀತಿಯಿಂದಲೇ.

ಸಿಸ್ಟರ್ ಡಾಕ್ಟರನ್ನು ಕರೆಸಿದರು, ನಡೆದದ್ದನ್ನು ಚಾರ್ಟಿನಲ್ಲಿ ಬರೆದರು, ರಕ್ತ ಮತ್ತೆ ಕಳಿಸಿದರು. ಡ್ಯೂಟಿ ಮುಗಿದರೂ ಸ್ಟೂಲು ಬಿಟ್ಟೇಳಲಿಲ್ಲ. "ಹೊರಗೆ ಹೋಗಿ ಚಿಂತೆ ಮಾಡಿ, ಅಲ್ಲಿ ಜಾಗ ಬೇಕಾದಷ್ಟಿದೆ" ಅಂದರು. ನಾನು ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಗೋಡೆಗೆ ಒರಗಿ ನಿಂತೇ ಇದ್ದೆ.

ಮೂರನೇ ದಿನ ಅಮ್ಮ ಕಣ್ಣು ಬಿಟ್ಟು, "ಏನೋ, ಗಡ್ಡ ತೆಗೀಲಿಲ್ವಾ?" ಅಂದಳು. ಆಮೇಲೆ ಸಿಸ್ಟರ್ ಕಡೆ ತಿರುಗಿ, "ನನ್ ಮಗ ಚೆನ್ನಾಗಿ ನೋಡ್ಕೊಂಡ ಅಲ್ವಾ?"

ನಾನು ನೆಲ ನೋಡಿದೆ.

"ಹೌದಮ್ಮ. ಹೋಗಿ ಅಂದ್ರೂ ಹೋಗ್ಲಿಲ್ಲ" ಅಂದರು ಸಿಸ್ಟರ್.

ಅಮ್ಮ ಇದನ್ನು ಮನೆಗೆ ಬಂದವರಿಗೆಲ್ಲ ವರ್ಷಗಟ್ಟಲೆ ಹೇಳಿದಳು. ಸಿಸ್ಟರ್ ತೀರಿಕೊಂಡ ದಿನ ಅವರ ಮಗಳ ಕೈ ಹಿಡಿದೂ ಹೇಳಿದಳು. ಪಕ್ಕದಲ್ಲೇ ಇದ್ದ ನಾನು ಆಗಲೂ ಆ ಚಕ್ರ ತಿರುಗಿಸಿದ ಮಾತು ಎತ್ತಲಿಲ್ಲ.